ಕೂಗಿದ ಹೇಂಟೆ

ನಮ್ಮ ಹಿತ್ತಲಿನ ಕರಿ ಹೇಂಟೆ ತನ್ನ ಆರನೇ ವರ್ಷದ ಒಂದು ಬೆಳಿಗ್ಗೆ ಹುಂಜದ ಹಾಗೆ ಕೂಗಿತು. ಅರ್ಧಕ್ಕೇ ಗಂಟಲು ಕಟ್ಟಿದಂಥ ಕೂಗು. ಬೇಲಿಯಾಚೆಯ ಅಜ್ಜಿ ಗಾಬರಿಯಿಂದ ಬಂದರು: "ಹೇಂಟೆ ಕೂಗಿದ್ರೆ ಮನೆಗೆ ಕೇಡು ಕಣಪ್ಪಾ. ಹೊತ್ತು ಮುಳುಗೋದ್ರೊಳಗೆ ಕುಯ್ದುಬಿಡು." ಅವರ ಕಳಕಳಿ ನಿಜವಾದದ್ದೇ. ಆದರೆ ಆ ಕೂಗಿನಲ್ಲಿದ್ದದ್ದು ನಮ್ಮ ಮನೆಯ ಭವಿಷ್ಯವಲ್ಲ, ಆ ಕೋಳಿಯ ಮುಪ್ಪು.

ಹೇಂಟೆಯಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯವೊಂದೇ. ಬಲಗಡೆಯದು ಬೆಳೆಯದೆ ಉಳಿದಿರುತ್ತದೆ. ವಯಸ್ಸಿನಿಂದಲೋ ಗಡ್ಡೆಯಿಂದಲೋ ಎಡಗಡೆಯದು ಕೆಟ್ಟರೆ ಹೆಣ್ಣಿನ ಹಾರ್ಮೋನು ಇಳಿಯುತ್ತದೆ. ಆಗ ಕೆಲವಕ್ಕೆ ಜುಟ್ಟು ದೊಡ್ಡದಾಗುತ್ತದೆ, ಕಾಲಿನಲ್ಲಿ ಮುಳ್ಳು ಮೂಡುತ್ತದೆ, ಕೂಗೂ ಬರುತ್ತದೆ. 1474ರಲ್ಲಿ, ಇಂದು ಸ್ವಿಟ್ಜರ್ಲೆಂಡಿನಲ್ಲಿರುವ ಬಾಸೆಲ್ ಪಟ್ಟಣದಲ್ಲಿ, ಮೊಟ್ಟೆ ಇಟ್ಟಿತೆಂದು ಒಂದು 'ಹುಂಜ'ವನ್ನು ವಿಚಾರಣೆ ನಡೆಸಿ ಸುಟ್ಟರು. ಅದೂ ಬಹುಶಃ ಇಂಥದೇ ಒಂದು ಹೇಂಟೆಯಾಗಿತ್ತೇನೋ. ಭಯಕ್ಕೆ ದೇಶಭೇದವಿಲ್ಲ.

ಆದರೆ ಇಲ್ಲಿ ಭಯದ ಜೊತೆಗೆ ಮೊಟ್ಟೆಯ ಲೆಕ್ಕವೂ ಇದೆ. ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ. ಫಾರಂ ಕೋಳಿಯಿಂದ ನಾವು ಮುನ್ನೂರು ಪಡೆಯುತ್ತೇವೆ, ಒಂದೂವರೆ ವರ್ಷಕ್ಕೆಲ್ಲ ಮಾಂಸಕ್ಕೆ ಮಾರುತ್ತೇವೆ. ಚೆನ್ನಾಗಿ ನೋಡಿಕೊಂಡರೆ ಹಿತ್ತಲ ಕೋಳಿ ಐದರಿಂದ ಎಂಟು ವರ್ಷ ಬಾಳುತ್ತದೆ. ಮೊಟ್ಟೆ ಮಾತ್ರ ಎರಡನೇ ವರ್ಷದಿಂದಲೇ ಇಳಿಮುಖ. ಉಳಿದ ವರ್ಷಗಳ ಕಾಳಿಗೆ ಲೆಕ್ಕ ಹಾಕದೆ ಮರಿ ತರುತ್ತೇವೆ. ಆಮೇಲೆ ಅಪಶಕುನ ಎಂಬ ಮಾತು ಅನುಕೂಲಕ್ಕೆ ಬರುತ್ತದೆ.

ಕೋಳಿ ತಿನ್ನಬೇಡಿ ಎಂದು ನಾನು ಹೇಳುತ್ತಿಲ್ಲ. ಕೊಯ್ಯುವುದಾದರೆ ಊಟಕ್ಕೆಂದು ಕೊಯ್ಯಿರಿ. ಹಕ್ಕಿಯ ಮೇಲೆ ಅಪರಾಧ ಹೊರಿಸಬೇಡಿ. ಕಾಲು ಕಟ್ಟಿ ತಲೆಕೆಳಗಾಗಿ ಬೈಕಿಗೆ ನೇತುಹಾಕಿ ಸಂತೆಗೆ ಒಯ್ಯಬೇಡಿ. ಅನಗತ್ಯ ನೋವು ಕೊಟ್ಟು ಪ್ರಾಣಿಗಳನ್ನು ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಸಾಕುವುದಾದರೆ ಮುದಿ ಕೋಳಿಗೆ ಬೇಕಾದ್ದು ಸ್ವಲ್ಪವೇ. ನಾವು ಗೂಡಿನ ಅಡ್ಡಗೋಲನ್ನು ಮೊಣಕಾಲೆತ್ತರಕ್ಕೆ ಇಳಿಸಿದೆವು. ಎತ್ತರದಿಂದ ಧುಮುಕಿ ಪಾದದಡಿ ಹುಣ್ಣಾಗುತ್ತಿತ್ತು. ಎಳೆಯವು ಕುಕ್ಕಿ ಓಡಿಸುವುದರಿಂದ ಅದಕ್ಕೆ ಬೇರೆ ಬಟ್ಟಲು ಇಟ್ಟೆವು. ಮೊಟ್ಟೆ ಕೋಳಿಯ ಫೀಡ್ ನಿಲ್ಲಿಸಿದೆವು. ಅದರಲ್ಲಿರುವ ಹೆಚ್ಚಿನ ಸುಣ್ಣದ ಅಂಶ, ಮೊಟ್ಟೆ ಇಡದ ಕೋಳಿಯ ಮೂತ್ರಪಿಂಡಕ್ಕೆ ಹೊರೆ. ಈಗ ಬೆಳೆಯುವ ಕೋಳಿಗಳಿಗೆ ಕೊಡುವ ಫೀಡ್, ಜೊತೆಗೆ ಒಂದಿಷ್ಟು ನುಚ್ಚು, ಸೊಪ್ಪು.

ಅಜ್ಜಿ ಈಗಲೂ ಒಪ್ಪಿಲ್ಲ. ಕರಿ ಹೇಂಟೆಗೆ ಎಂಟು ನಡೆಯುತ್ತಿದೆ. ನಿಮ್ಮ ಹೇಂಟೆಯೂ ಒಂದು ದಿನ ಕೂಗಿದರೆ ಕತ್ತಿ ಹುಡುಕಬೇಡಿ. ಮಡಿಲಲ್ಲಿ ಕೂರಿಸಿಕೊಂಡು ಹೊಟ್ಟೆ ಉಬ್ಬಿದೆಯೇ ಎಂದು ಮುಟ್ಟಿ ನೋಡಿ, ಪಶುವೈದ್ಯರಿಗೆ ತೋರಿಸಿ.