ಕಲಿಸುವ ಕೈಯ ಅಹಿಂಸೆ

ಮನುಷ್ಯನ ಉಪಯೋಗಕ್ಕಾಗಿ ಮೂಕಪ್ರಾಣಿಯೊಂದನ್ನು ಪಳಗಿಸುವುದು ಅಹಿಂಸಾಣುವ್ರತಕ್ಕೆ ಒಪ್ಪುವುದೇ? ಈ ಪ್ರಶ್ನೆ ಎತ್ತಿನ ಹೆಗಲ ಮೇಲಿನ ನೊಗದಷ್ಟೇ ಹಳೆಯದು. ಇಂದು ಅದನ್ನು ಹೊಸದೊಂದು ನಿದರ್ಶನದ ಮೂಲಕ ವಿಚಾರಿಸಬಹುದು. ಯುದ್ಧದಲ್ಲಿ ಅಂಗಹೀನನಾದ ಸೈನಿಕನ ನೆರವಿಗಾಗಿ ನಾಯಿಯನ್ನು ಸಿದ್ಧಗೊಳಿಸುವ ಶಿಕ್ಷಣವೇ ಆ ನಿದರ್ಶನ.

ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ಆರಂಭವಾಯಿತು. 1929ರಲ್ಲಿ ಅಮೆರಿಕದಲ್ಲಿ 'ಸೀಯಿಂಗ್ ಐ' ಎಂಬ ಸಂಸ್ಥೆ ಹುಟ್ಟಿತು. 1975ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ರೋಸಾದಲ್ಲಿ 'ಕೆನೈನ್ ಕಂಪ್ಯಾನಿಯನ್ಸ್' ಸಂಸ್ಥೆಯು ಕೈಕಾಲು ಸ್ವಾಧೀನವಿಲ್ಲದವರಿಗಾಗಿ ನಾಯಿಗಳನ್ನು ಸಿದ್ಧಪಡಿಸತೊಡಗಿತು. ಯುದ್ಧದಿಂದ ಮನೋವ್ಯಥೆಗೊಳಗಾದ ಮಾಜಿ ಸೈನಿಕರು ಇಂತಹ ನಾಯಿಗಳಿಗೆ ತಾವೇ ತರಬೇತಿ ನೀಡುವುದನ್ನು ಚಿಕಿತ್ಸೆಯ ಅಂಗವಾಗಿ ಪ್ರಯೋಗಿಸಲು 2021ರಲ್ಲಿ ಅಮೆರಿಕವು ಕಾನೂನನ್ನೇ ರಚಿಸಿತು.

ಶಿಕ್ಷಣದ ಕ್ರಮ ಹೀಗಿರುತ್ತದೆ. ಸುಮಾರು ಎಂಟು ವಾರದ ಮರಿಯನ್ನು ಒಂದು ಕುಟುಂಬದವರು ವರ್ಷಕ್ಕೂ ಮೇಲ್ಪಟ್ಟು ತಮ್ಮ ಮನೆಯಲ್ಲಿ ಬೆಳೆಸುತ್ತಾರೆ. ಅನಂತರ ತರಬೇತುದಾರರು ಹಲವು ತಿಂಗಳು ಅದಕ್ಕೆ ಕೆಲಸಗಳನ್ನು ಕಲಿಸುತ್ತಾರೆ. ಕೆಳಗೆ ಬಿದ್ದ ವಸ್ತುವನ್ನು ಎತ್ತಿಕೊಡುವುದು, ಬಾಗಿಲು ತೆರೆಯುವುದು, ದೀಪದ ಗುಂಡಿ ಒತ್ತುವುದು, ದುಃಸ್ವಪ್ನದಲ್ಲಿ ನರಳುವವನನ್ನು ಮೂತಿಯಿಂದ ತಿವಿದು ಎಬ್ಬಿಸುವುದು ಮುಂತಾದವು ಆ ಕೆಲಸಗಳು. ಬಾಗಿಲು ತೆರೆಯುವುದನ್ನು ಕಲಿಸುವಾಗ ಮೊದಲು ಬಟ್ಟೆಯ ಹಗ್ಗವನ್ನು ಎಳೆಯುವ ಆಟವಾಡಿಸುತ್ತಾರೆ. ಬಳಿಕ ಅದೇ ಹಗ್ಗವನ್ನು ಬಾಗಿಲಿನ ಹಿಡಿಗೆ ಕಟ್ಟುತ್ತಾರೆ. ಸರಿಯಾಗಿ ಎಳೆದ ಕ್ಷಣದಲ್ಲೇ ಮೆಚ್ಚುಗೆಯ ಮಾತು, ತಿನ್ನಲು ತುಣುಕು ತಿಂಡಿ. ತಪ್ಪಿದರೆ ಶಿಕ್ಷೆಯಿಲ್ಲ, ಮತ್ತೊಮ್ಮೆ ಪ್ರಯತ್ನ. ಹಿಂದೆ ಸರಪಳಿಯನ್ನು ಜಗ್ಗಿ ದಂಡಿಸುವುದೇ ರೂಢಿಯಾಗಿತ್ತು. ಅದನ್ನು ಬಿಟ್ಟುಕೊಟ್ಟರೂ ನಾಯಿ ಕಲಿಯುತ್ತದೆಂಬುದು ಈಗ ಅನುಭವಸಿದ್ಧವಾಗಿದೆ.

ಹಾಗಾದರೆ ಇದು ಸೇವೆಯೋ, ಸೆರೆಯೋ? ನಾಯಿಯು ಸಂಜ್ಞಿ ಪಂಚೇಂದ್ರಿಯ ಜೀವ. ಅದಕ್ಕೆ ಮನಸ್ಸಿದೆ, ಸುಖದುಃಖಗಳಿವೆ. ಸಮ್ಯಗ್ದರ್ಶನದ ಯೋಗ್ಯತೆಯೂ ಇದೆಯೆಂದು ನಮ್ಮ ಶಾಸ್ತ್ರಗಳು ಒಪ್ಪುತ್ತವೆ. ಅದರ ಸಮ್ಮತಿಯನ್ನು ಮಾತಿನಲ್ಲಿ ಪಡೆಯಲಾಗದು. ಆದುದರಿಂದಲೇ ವ್ರತದ ಹೊಣೆಯೆಲ್ಲ ಕಲಿಸುವವನ ಮೇಲೆ ಬೀಳುತ್ತದೆ. ಅವನನ್ನು ಪರೀಕ್ಷಿಸಲು ಹೊಸ ಅಳತೆಗೋಲು ಬೇಕಿಲ್ಲ. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳೇ ಸಾಕು.

ಮೊದಲನೆಯದು ಬಂಧ. ಕೆಲಸ ಮುಗಿದ ಮೇಲೆ ಪಟ್ಟಿ ಬಿಚ್ಚಿ, ನಾಯಿಯನ್ನು ನಾಯಿಯಾಗಿ ಓಡಾಡಲು ಬಿಡುವರೇ? ಎರಡನೆಯದು ವಧ, ಅಂದರೆ ಹೊಡೆತ ಬಡಿತ. ಕುತ್ತಿಗೆ ಬಿಗಿಯುವ ಸರಪಳಿಯೂ ವಿದ್ಯುದಾಘಾತದ ಪಟ್ಟಿಯೂ ಇದರೊಳಗೇ ಸೇರುತ್ತವೆ. ಅತಿಭಾರಾರೋಪಣವು ಹೇರಿನ ಎತ್ತಿಗೆ ಮಾತ್ರ ಸಂಬಂಧಿಸಿದ್ದಲ್ಲ. ಗಾಲಿಕುರ್ಚಿಯನ್ನು ದಿನವಿಡೀ ಎಳೆಸುವುದೂ, ಮುಪ್ಪಡರಿದ ನಾಯಿಯನ್ನು ವಿಶ್ರಾಂತಿಗೆ ಕಳುಹಿಸದೆ ದುಡಿಸುವುದೂ ಅತಿಭಾರವೇ. ಅನ್ನಪಾನನಿರೋಧವಂತೂ ಈ ವಿದ್ಯೆಯ ಸೂಕ್ಷ್ಮ ಪ್ರಲೋಭನ. ಹಸಿದ ನಾಯಿ ತುಣುಕು ತಿಂಡಿಗಾಗಿ ಬೇಗ ಕಲಿಯಬಹುದು. ಆದರೆ ಉಪವಾಸ ಕೆಡವಿ ಕಲಿಸಿದ ವಿದ್ಯೆ ಪ್ರೀತಿಯದಲ್ಲ. ಇವೆಲ್ಲಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿದೆ. ಬೆದರುವ ಅಥವಾ ಕೆಲಸದಲ್ಲಿ ಮನಸ್ಸಿಲ್ಲದ ನಾಯಿಯನ್ನು ಏನು ಮಾಡುತ್ತಾರೆ? ಒಳ್ಳೆಯ ಸಂಸ್ಥೆಗಳು ಅಂತಹವನ್ನು ಬಲವಂತಪಡಿಸದೆ ಸಾಕುವ ಮನೆಗಳಿಗೆ ಕೊಡುತ್ತವೆ. ಮಾತು ಬಾರದ ಜೀವದ 'ಒಲ್ಲೆ'ಯನ್ನು ಗುರುತಿಸಿ ಗೌರವಿಸುವುದೇ ಅದರ ಸಮ್ಮತಿಯನ್ನು ಕೇಳುವ ಏಕೈಕ ಮಾರ್ಗ.

ಇನ್ನುಳಿದದ್ದು ಛೇದ. ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಸಾಮಾನ್ಯವಾಗಿ ಈ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅವುಗಳ ಆಹಾರದಲ್ಲಿ ಮಾಂಸವೂ ಇರುತ್ತದೆ. ಪ್ರಾಣಿಗಳ ಬೀಜ ತೆಗೆಯುವ ವೃತ್ತಿಯನ್ನು ನಿರ್ಲಾಂಛನವೆಂದೂ, ಹಿಂಸಕ ಪ್ರಾಣಿಗಳನ್ನು ಸಾಕಿ ಜೀವಿಸುವುದನ್ನು ಅಸತೀಪೋಷಣವೆಂದೂ ಕರೆದು ಶ್ರಾವಕನಿಗೆ ಆಚಾರ್ಯರು ನಿಷೇಧಿಸಿದ್ದಾರೆ. ಉದ್ದೇಶ ಒಳ್ಳೆಯದೆಂಬ ಮಾತ್ರಕ್ಕೆ ಈ ದೋಷಗಳು ಇಲ್ಲವಾಗುವುದಿಲ್ಲ. ಜೈನ ಶ್ರಾವಕನು ಇದನ್ನು ವೃತ್ತಿಯಾಗಿ ಕೈಕೊಳ್ಳಲು ಹಿಂಜರಿದರೆ ಆ ಹಿಂಜರಿಕೆ ನ್ಯಾಯವಾದುದೇ. ಆದರೆ ಆ ನಾಯಿಯನ್ನೇ ಆಶ್ರಯಿಸಿ ಬಾಳುವ ವಿಕಲಾಂಗನನ್ನು ಹಗುರವಾಗಿ ಕಾಣಲು ಅದು ನೆಪವಾಗಬಾರದು. ದೋಷವನ್ನು ದೋಷವೆಂದು ಅರಿತು ಕಡಿಮೆಮಾಡುತ್ತ ಸಾಗುವುದೇ ಗೃಹಸ್ಥಧರ್ಮ.

ಈ ಶಿಕ್ಷಣಕ್ಕೆ ಮತ್ತೊಂದು ಮುಖವಿದೆ. ನಾಡಿನ ರಕ್ಷಣೆಗಾಗಿ ಗೃಹಸ್ಥನು ಮಾಡುವುದನ್ನು ವಿರೋಧೀ ಹಿಂಸೆಯೆಂದು ನಮ್ಮವರು ಬೇರೆಯಾಗಿ ಎಣಿಸಿದರು. ಅದು ಹಿಂಸೆಯೇ ಅಲ್ಲವೆನ್ನಲಿಲ್ಲ. ಅದರ ಗಾಯ ಸೈನಿಕನ ಅಂತರಂಗದಲ್ಲಿಯೂ ಉಳಿಯುತ್ತದೆ. ಗದರಿಸುವ ದನಿಗೆ ಅಭ್ಯಾಸವಾದ ಅವನು ಮರಿಯನ್ನು ಗದರಿಸಿದರೆ ಅದು ಕುಗ್ಗಿ ಕುಳಿತುಬಿಡುತ್ತದೆ, ಕಲಿಯುವುದಿಲ್ಲ. ದನಿಯನ್ನು ತಗ್ಗಿಸಬೇಕು, ಕಾಯಬೇಕು, ಸಿಟ್ಟನ್ನು ನುಂಗಬೇಕು. ನಾಯಿಗೆ ಕಲಿಸಲು ಹೊರಟವನು ಹೀಗೆ ಕಷಾಯನಿಗ್ರಹದ ಮೊದಲ ಪಾಠವನ್ನು ತಾನೇ ಕಲಿಯುತ್ತಾನೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದೆಂದರೆ ಇದೇ ಅಲ್ಲವೇ?

ಭಾಸ್ಕರ ಕವಿಯ 'ಜೀವಂಧರ ಚರಿತೆ'ಯಿಂದ (1424) ಕನ್ನಡಿಗರಿಗೆ ಪರಿಚಿತನಾದ ಜೀವಂಧರ ಕುಮಾರನ ಕಥೆ ನಮಗೆ ತಿಳಿದದ್ದೇ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಅವನು ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಆ ನಾಯಿ ಸುದರ್ಶನ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತು. ಜೀವಂಧರನು ಯಾವ ಫಲವನ್ನೂ ಬಯಸಿ ಅದರ ಬಳಿ ಕುಳಿತವನಲ್ಲ. ನಾವಾದರೋ ಉಪಕಾರವನ್ನು ಬಯಸಿಯೇ ನಾಯಿಯ ಬಳಿಗೆ ಹೋಗುತ್ತಿದ್ದೇವೆ. ಆದುದರಿಂದ ಅದರ ಋಣ ನಮ್ಮ ಮೇಲೆ ಇನ್ನೂ ಹೆಚ್ಚು.

ನಾಳೆ ಇಂತಹ ಸಂಗಾತಿಯೊಡನೆ ವಿಕಲಾಂಗನೊಬ್ಬನು ನಮ್ಮ ಬಸದಿಯ ಬಾಗಿಲಿಗೆ ಬಂದರೆ ಟ್ರಸ್ಟಿನವರು ಏನು ಮಾಡಬೇಕು? ಗರ್ಭಗೃಹದ ಶುದ್ಧಿಯ ನಿಯಮಗಳನ್ನು ಮೀರಬೇಕಾಗಿಲ್ಲ. ಆ ನಾಯಿ ಗಂಟೆಗಟ್ಟಲೆ ಸದ್ದಿಲ್ಲದೆ ಕಾದು ಮಲಗಲು ಕಲಿತಿರುತ್ತದೆ. ಅದಕ್ಕೆ ನೆರಳಿನಲ್ಲೊಂದು ಜಾಗ, ಒಂದು ಬಟ್ಟಲು ಸೋಸಿದ ನೀರು, ಆ ಮನುಷ್ಯನಿಗೆ ಒಳಗೆ ಆಸರೆಯಾಗಲು ಒಬ್ಬ ಸಾಧರ್ಮಿ, ಇಷ್ಟನ್ನು ಒದಗಿಸಿದರೆ ಸಾಕು. ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ತಿರ್ಯಂಚ ಜೀವಿಗಳಿಗೂ ಒಂದು ಮೀಸಲು. ಕಾಯುವುದನ್ನು ನಾಯಿ ಕಲಿತಿದೆ. ಅದಕ್ಕೆ ಜಾಗ ಮಾಡಿಕೊಡುವುದನ್ನು ನಾವು ಕಲಿಯಬೇಕಾಗಿದೆ.