ತಾಳುವಷ್ಟೂ ಹೊರಿಸಬಹುದೆ?

'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಗಾದೆ 'ತಾಳಿದವನು' ಎಂದರೂ ನಮ್ಮ ಮನೆಗಳಲ್ಲಿ ತಾಳುವವಳು ಹೆಚ್ಚಾಗಿ ಹೆಣ್ಣೇ. ಆದರೆ ತಾಳುವುದೂ ಬಾಳುವುದೂ ಒಂದೇ ಏನು? ಈ ಪ್ರಶ್ನೆಗೆ ನನಗೊಂದು ಉತ್ತರ ಸಿಕ್ಕಿದ್ದು ಕಾರಿನೊಳಗೆ ಕೂರಿಸುವ ಪುಟ್ಟ ಚಿಪ್ ಒಂದರ ಕಾಗದಪತ್ರಗಳಲ್ಲಿ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಕಾರುಗಳ ಎಲೆಕ್ಟ್ರಾನಿಕ್ ಭಾಗಗಳನ್ನು ವಿನ್ಯಾಸ ಮಾಡುತ್ತಾಳೆ. ಕಿಟಕಿಯ ಗಾಜು ಏರಿಸುವುದರಿಂದ ಹಿಡಿದು ಬ್ರೇಕಿಗೆ ನೆರವಾಗುವವರೆಗೆ ಈಗ ಎಲ್ಲಕ್ಕೂ ಮೈಕ್ರೊಕಂಟ್ರೋಲರ್ ಎಂಬ ಚಿಪ್ ಬೇಕು. ಅದಕ್ಕೆ ಡೇಟಾಶೀಟ್ ಎಂಬ ನೂರಾರು ಪುಟಗಳ ವಿವರಣೆ ಇರುತ್ತದೆ. "ಇದನ್ನ ಓದೋಕೆ ಬರದಿದ್ರೆ ನಮ್ಮ ಕೆಲಸಾನೇ ಇಲ್ಲ, ಚಿಕ್ಕಮ್ಮ" ಎಂದು ಅವಳು ತೋರಿಸಿದಾಗ ನನ್ನ ಕಣ್ಣು ನಿಂತದ್ದು ಎರಡು ಕೋಷ್ಟಕಗಳ ಮೇಲೆ.

ಎಷ್ಟರ ತನಕ ಚಿಪ್ ಕೆಟ್ಟುಹೋಗದೆ ಉಳಿದೀತು ಎಂಬುದು ಮೊದಲನೆಯದು. ಎಷ್ಟರೊಳಗೆ ಇಟ್ಟರೆ ತನ್ನ ಕೆಲಸವನ್ನು ಸರಿಯಾಗಿ ಮಾಡೀತು ಎಂಬುದು ಎರಡನೆಯದು. ಎಟಿಮೆಗಾ328ಪಿ ಎಂಬ ಚಿಪ್‌ಗೆ ಕಟ್ಟಕಡೆಯ ಮಿತಿ 6 ವೋಲ್ಟ್, ಕೆಲಸದ ಮಿತಿ 5.5 ವೋಲ್ಟ್. ನಡುವಿನ ಆ ಅರ್ಧ ವೋಲ್ಟಿನಲ್ಲಿ ಚಿಪ್ ಸಾಯಲಿಕ್ಕಿಲ್ಲ. ಆದರೆ ಅದರ ಲೆಕ್ಕ ತಪ್ಪದೆಂದು ತಯಾರಕರು ಮಾತು ಕೊಡುವುದಿಲ್ಲ. ಬಹುಕಾಲ ಅಂಚಿನಲ್ಲೇ ಇಟ್ಟರೆ ಬಾಳಿಕೆಯನ್ನೂ ನಂಬುವಂತಿಲ್ಲ. ಕಾರಿಗೆಂದೇ ಮಾಡಿದ ಇದರ ಮಾದರಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಿಂದ 125 ಡಿಗ್ರಿ ಸೆಲ್ಸಿಯಸ್ ಕಾವಿನವರೆಗೆ ದುಡಿಯಬಲ್ಲದು. ಅಂಥ ಗಟ್ಟಿ ವಸ್ತುವಿಗೂ ಎರಡು ಕೋಷ್ಟಕ! ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿದರೆ ವಿದ್ಯುತ್ ಒಮ್ಮೆಲೇ ಜಿಗಿಯುತ್ತದೆ. ಆ ಪೆಟ್ಟು ಚಿಪ್‌ಗೆ ತಾಗದಂತೆ ಬೇರೆ ಭಾಗಗಳನ್ನು ಅಡ್ಡ ನಿಲ್ಲಿಸುತ್ತಾರೆ. 'ತಡೆದುಕೊಳ್ಳಲಿ ಬಿಡು' ಎನ್ನುವುದಿಲ್ಲ.

ನನ್ನ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಬೆಳಗಿನ ಐದಕ್ಕೇ ಎದ್ದು, ನೀರು ಹೊತ್ತು, ಅಡಿಗೆ ಮಾಡಿ, ತಮ್ಮಂದಿರನ್ನು ಹೊರಡಿಸಿಕೊಂಡು ಗಂಟೆ ಹೊಡೆಯುವ ಮುಂಚೆ ಶಾಲೆಯಲ್ಲಿರುತ್ತಿದ್ದಳು. ಮೂರನೆಯ ಪಿರಿಯಡ್ಡಿಗೆ ಕಣ್ಣು ಎಳೆಯುತ್ತಿತ್ತು. ಬರುತ್ತಿದ್ದ ಭಾಗಾಕಾರವೂ ತಪ್ಪುತ್ತಿತ್ತು. 'ಗಟ್ಟಿ ಹುಡುಗಿ, ಎಲ್ಲ ನಿಭಾಯಿಸ್ತಾಳೆ' ಎಂದು ಕೇರಿಯವರ ಹೊಗಳಿಕೆ. ಅವಳು ಮುರಿದುಬಿದ್ದಿರಲಿಲ್ಲ, ನಿಜ. ಅವರೆಲ್ಲ ಮೊದಲ ಕೋಷ್ಟಕವನ್ನಷ್ಟೇ ಓದಿದ್ದರು. ಹೊಗಳಿಕೆಯೂ ಒಮ್ಮೊಮ್ಮೆ ಇನ್ನೊಂದು ಕೊಡ ಹೊರಿಸಲು ಸಿಗುವ ಅಪ್ಪಣೆ.

ಹಾಗಾದರೆ ತ್ಯಾಗವೇ ಬೇಡವೆ ಎಂದು ನೀವು ಕೇಳಬಹುದು. ಬೇಕು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ರಾತ್ರಿಯಿಡೀ ಎಚ್ಚರವಿರುವುದು ಧರ್ಮವೇ. ಆದರೆ ಆ ರಾತ್ರಿಗೆಂದು ಇರುವ ಶಕ್ತಿಯನ್ನು ದಿನದಿನವೂ ಖರ್ಚು ಮಾಡಿಸಿಕೊಂಡರೆ, ನಿಜವಾಗಿ ಬೇಕಾದ ದಿನ ಕೈಯಲ್ಲಿ ಏನು ಉಳಿದೀತು?

ಚಿಪ್‌ನ ಮಿತಿಯನ್ನು ಪರೀಕ್ಷಿಸಿ ಬರೆದುಕೊಡಲು ತಯಾರಕರಿದ್ದಾರೆ. ನಮ್ಮ ಎರಡನೆಯ ಕೋಷ್ಟಕವನ್ನು ನಾವೇ ಬರೆದು, ಸಂಕೋಚಪಡದೆ ಮನೆಯವರ ಮುಂದಿಡಬೇಕು. ಕೇಳಲು ಬಾಯಿ ಬಾರದ ಮಕ್ಕಳದ್ದನ್ನು ದೊಡ್ಡವರಾದ ನಾವು ಅವರ ಮುಖ ನೋಡಿ ಓದಿಕೊಳ್ಳಬೇಕು.