ಟಕ್ ಎಂದದ್ದು ಮೂಳೆಯಲ್ಲ

ಪ್ರಬಂಧ ಬರೆಯುತ್ತ ಕೂತು ಕೂತು ಸೊಂಟ ಹಿಡಿದುಕೊಂಡಾಗ, ಫಿಸಿಯೋಥೆರಪಿ ಓದುವ ಗೆಳೆಯ ನನ್ನನ್ನು ಮಗ್ಗುಲಾಗಿ ಮಲಗಿಸಿ, ಬೆನ್ನುಮೂಳೆಯ ಮೇಲೆ ಬೆರಳಾಡಿಸಿ, ಒಂದು ಕಡೆ ಥಟ್ಟನೆ ಒತ್ತಿದ. ಟಕ್ ಎಂದಿತು. 'ಜರುಗಿದ್ದ ಮೂಳೆ ಕೂತಿತು' ಎಂದ. ನೋವು ಇಳಿಯಿತು. ನಾನು ನಂಬಿದೆ.

ಈ ವಿವರಣೆ ಹಳೆಯದು. 1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಎಂಬಾತ, ಹಾರ್ವಿ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನುಮೂಳೆಯನ್ನು ಸರಿಪಡಿಸಿ ಕಿವುಡು ಕಳೆದೆನೆಂದು ಹೇಳಿಕೊಂಡ. ಎರಡು ವರ್ಷಗಳಲ್ಲಿ ಶಾಲೆಯನ್ನೂ ತೆರೆದ. ಕೈರೊಪ್ರಾಕ್ಟಿಕ್ ಪದ್ಧತಿಯಲ್ಲಿ 'ಜರುಗಿದ ಮೂಳೆ' ಪಾಠವಾಯಿತು.

ಪುರಾವೆಗಳ ಮಾತು ಬೇರೆ. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಸಮೀಕ್ಷೆ 47 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ದೀರ್ಘಕಾಲದ ಸೊಂಟನೋವಿಗೆ ಈ ಚಿಕಿತ್ಸೆ, ವ್ಯಾಯಾಮದಂಥ ಶಿಫಾರಸಾದ ಚಿಕಿತ್ಸೆಗಳಷ್ಟೇ ಫಲ ಕೊಡುತ್ತದೆ ಎಂದಿತು. ಅಂದರೆ ಇದು ಬೂಟಾಟಿಕೆಯಲ್ಲ, ಪವಾಡವೂ ಅಲ್ಲ. ಆದರೆ 2021ರ ಇನ್ನೊಂದು ಸಮೀಕ್ಷೆಯ ಪ್ರಕಾರ, ಹುಡುಕಿ ಆರಿಸಿದ ಜಾಗದಲ್ಲೇ ಒತ್ತುವುದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆ ಟಕ್ ಶಬ್ದಕ್ಕೂ ಕಾರಣ ಕೀಲಿನ ದ್ರವದೊಳಗಿನ ಅನಿಲ. ಮೂಳೆ ಜಾಗಕ್ಕೆ ಬಂದದ್ದಲ್ಲ.

ಹಾಗಾದರೆ ಮೇಷ್ಟರು ಏನು ಕಲಿಸಬೇಕು? ಉಪಶಮನ ನಿಜ, ಕಥೆ ಸುಳ್ಳು. ಕಥೆಯಿಂದ ರೋಗಿಗೆ ಧೈರ್ಯ ಬರುವುದಾದರೆ ಇರಲಿ ಬಿಡಿ ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಕಥೆ ನನಗೆ ಧೈರ್ಯ ಕೊಡಲಿಲ್ಲ. ಮೂಳೆ ಮತ್ತೆ ಜರುಗೀತೆಂದು ವಾರಗಟ್ಟಲೆ ನೀರಿನ ಕ್ಯಾನ್ ಎತ್ತಲಿಲ್ಲ, ಬಗ್ಗಲಿಲ್ಲ. ಸ್ವಲ್ಪ ಬಿಗಿದರೂ ಗೆಳೆಯನ ಕೋಣೆಗೆ ಓಡಿದೆ. ಸುಳ್ಳು ನನ್ನನ್ನು ಅವನ ಕೈಗೆ ಕಟ್ಟಿಹಾಕಿತ್ತು.

ನಮ್ಮ ಹಳ್ಳಿಗಳಲ್ಲಿ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡು ಉಳುಕು ಬಿಡಿಸಿಕೊಳ್ಳುವುದುಂಟು. ಓದಿದವರು ನಗುತ್ತೇವೆ. ಅಲ್ಲಿಯೂ ನೋವು ಇಳಿಯುತ್ತದೆ. ಹಠಾತ್ತಾಗಿ ಬಂದ ಸೊಂಟನೋವು ಬಹಳಷ್ಟು ಸಲ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಇಳಿದ ನೋವನ್ನೇ ಕಾರಣಕ್ಕೆ ಸಾಕ್ಷಿ ಮಾಡಿಕೊಳ್ಳುವ ತಪ್ಪು ಅವರದೂ ಹೌದು, ನನ್ನದೂ ಹೌದು.

ಇದನ್ನೆಲ್ಲ ಗೆಳೆಯನಿಗೆ ಹೇಳಿದಾಗ ಅವನು ಸಿಟ್ಟಾಗಲಿಲ್ಲ. 'ಒತ್ತುವುದನ್ನು ಎಷ್ಟೋ ತಿಂಗಳು ಕಲಿತೆ, ಏನು ಹೇಳಬೇಕೆಂದು ಯಾರೂ ಕಲಿಸಲಿಲ್ಲ' ಎಂದ. ಮೊನ್ನೆ ಮತ್ತೆ ಹೋದಾಗ ಒತ್ತುವ ಮೊದಲೇ ಹೇಳಿದ: 'ಇದರಿಂದ ಸ್ವಲ್ಪ ಹಗುರವಾಗಬಹುದು. ನಿನ್ನ ಬೆನ್ನಲ್ಲಿ ಏನೂ ಜರುಗಿಲ್ಲ. ಎದ್ದು ಓಡಾಡು.'

ಆ ಮೂರು ವಾಕ್ಯಗಳೂ ಪಠ್ಯದಲ್ಲಿರಬೇಕು. ಅಂದು ನಾನು ನೀರಿನ ಕ್ಯಾನ್ ಎತ್ತಿದೆ.